ಸೋಪಾ, ಐದೂಮುಕ್ಕಾಲು ಅಡಿ

ಅಂಗಡಿಯವನಿಗೆ ನಾನು ಕಾಣಿಸಲೇ ಇಲ್ಲ. ಕಂಪ್ಯೂಟರ್ ಬೇಕಾಗಿದ್ದು ನನಗೆ, ಕೆಲಸ ಮಾಡುವವಳು ನಾನು, ಅವನು ಮಾತಾಡಿದ್ದೆಲ್ಲ ನಮ್ಮ ಯಜಮಾನರ ಜೊತೆ.

"ಸರ್, ಮೇಡಂಗೆ ಲ್ಯಾಪ್‌ಟಾಪೇ ಸರಿ. ಎಲ್ಲಿ ಬೇಕಾದ್ರೂ ಕೂತ್ಕೊಂಡು ಕೆಲಸ ಮಾಡ್ಬಹುದು. ಒಲೆ ಮೇಲೆ ಹಾಲು ಕಾಯ್ತಾ ಇರತ್ತೆ, ಪಕ್ಕದಲ್ಲೇ ಟೈಪಿಂಗೂ ಆಗತ್ತೆ."

"ಅದೇ ನಾನೂ ಬಡ್ಕೋತಿರೋದು" ಅಂದರು ಇವರು.

ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೇಳು ವರ್ಷದಿಂದ ಪ್ರೆಸ್ಸಿಗೆ ಪುಸ್ತಕ ಟೈಪ್ ಮಾಡಿ, ಪ್ರೂಫ್ ತಿದ್ದಿ ಕೊಡುತ್ತಿದ್ದೇನೆ. ಎಡಗಡೆ ಹಸ್ತಪ್ರತಿ, ಬಲಗಡೆ ನಿಘಂಟು, ನಡುವೆ ಕೀಬೋರ್ಡು. ಇದನ್ನೆಲ್ಲ ಹರಡಿಕೊಳ್ಳೋಕೆ ನನಗೇನು ನಾಲ್ಕು ತೊಡೆ ಇದೆಯಾ?

ಹಳೇ ಡೆಸ್ಕ್‌ಟಾಪು ಹೋದ ವಾರ ಕಣ್ಣು ಮುಚ್ಚಿತು. ಆವತ್ತಿನಿಂದ ಮನೆಯಲ್ಲಿ ಒಂದೇ ರಾಗ. ಕರೆಂಟು ಹೋದರೂ ಲ್ಯಾಪ್‌ಟಾಪ್ ನಡೆಯತ್ತೆ ಅಂತ ಇವರು. ಹಗುರ ಅಂತ ಅತ್ತೆ. ಅವರು ಜನ್ಮದಲ್ಲಿ ಒಂದು ಕಂಪ್ಯೂಟರ್ ಎತ್ತಿದವರಲ್ಲ. ನೀನು ಏನು ಟೈಪ್ ಮಾಡ್ತೀಯ ಅಂತ ಒಂದು ದಿನವೂ ಕೇಳದ ಇವರು, "ಆ ಕುರ್ಚೀಲಿ ಕೂತೂ ಕೂತೂ ನಿನ್ನ ಬೆನ್ನು ಏನಾಗಿದೆ ನೋಡು" ಅಂದರು. ನಾನೂ ಎಂಥ ಪೆದ್ದಿ! ಕರಗಿಹೋದೆ. ಇಷ್ಟು ಕಾಳಜಿಯಿಂದ ಹೇಳ್ತಿದ್ದಾರಲ್ಲ, ಹೋಗಲಿ, ನೋಡೋಣ ಅಂದುಕೊಂಡೇ ಅಂಗಡಿಗೆ ಬಂದಿದ್ದೆ.

"ಮಾಡೆಲ್ ನಂಬರ್ ಬರ್ಕೊಳ್ಳಿ ಸರ್" ಅಂದ ಅಂಗಡಿಯವನು.

ಇವರು ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದು, ಬಿಡಿಸಿಯೂ ನೋಡದೆ ನನ್ನ ಕೈಗಿಟ್ಟರು. "ನೀನೇ ಬರಿ. ನಿನ್ನ ಅಕ್ಷರ ಚೆನ್ನಾಗಿದೆ."

ಚೀಟಿ ಬಿಡಿಸಿದೆ. ಒಳಗೆ ಇವರ ಕೈಬರಹದಲ್ಲಿ ಎರಡು ಸಾಲು.

ಕಿಟಕಿಯಿಂದ ಬಾಗಿಲು: ಆರು ಅಡಿ.
ಸೋಪಾ: ಐದೂಮುಕ್ಕಾಲು ಅಡಿ.

ಪ್ರೂಫ್ ತಿದ್ದುವವರ ಹಣೆಬರಹ ನೋಡಿ, ಮೊದಲು ಕಂಡಿದ್ದು ತಪ್ಪು. ಫಾ ಬರೆಯಬೇಕಾದಲ್ಲಿ ಪಾ. ಐದೂಮುಕ್ಕಾಲು ಅಡಿ ಸೋಪು ಯಾರಿಗೆ ಸ್ನಾನ ಮಾಡಿಸೋಕಪ್ಪಾ ಅಂತ ನಗು ಕೂಡ ಬಂತು. ಅರ್ಥ ಕಂಡಿದ್ದು ಆಮೇಲೆ. ಕಿಟಕಿಗೂ ಬಾಗಿಲಿಗೂ ನಡುವೆ ಇರೋದು ನನ್ನ ಮೇಜು.

ಆ ಮನೆಯಲ್ಲಿ ನಾನು ಕೂತಾಗ ಯಾರೂ "ಸ್ವಲ್ಪ ಏಳು" ಅನ್ನದ ಜಾಗ ಅದೊಂದೇ. ಅದರ ಅಳತೆ ತೆಗೆದಿದ್ದಾರೆ! ನಾನು ಪ್ರೆಸ್ಸಿಗೆ ಹೋದಾಗ, ಟೇಪು ಹಿಡಿದು! ಇನ್ನೊಂದು ತುದಿ ಅತ್ತೆ ಹಿಡಿದಿರಬೇಕು.

"ನನ್ನ ಮೇಜನ್ನ ಏನು ಮಾಡ್ತೀರಿ?" ಅಂದೆ.

ಇವರ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಲ್ಲ ಕಣೇ... ಲ್ಯಾಪ್‌ಟಾಪ್ ಬಂದ್ಮೇಲೆ ಅದು ಸುಮ್ನೆ ಜಾಗ ತಿನ್ನತ್ತೆ. ಮನೆಗೆ ಬಂದೋರು ಕೂತ್ಕೊಳ್ಳೋಕೆ..."

"ಬೆನ್ನು ಬೆನ್ನು ಅಂದ್ರಲ್ರೀ! ನಾಚಿಕೆ ಆಗಲ್ವಾ? ಸೋಫಾ ಬೇಕು ಅಂತ ಬಾಯಿಬಿಟ್ಟು ಹೇಳಿದ್ರೆ ಜಗಳ ಆಡ್ತಿದ್ದೆ, ಅಷ್ಟೇ. ನನ್ನ ನೋವನ್ನ ಯಾಕೆ ನಡುವೆ ತಂದ್ರಿ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ! "ಮೆತ್ತಗೆ, ಮೆತ್ತಗೆ" ಅಂದರು ಇವರು. ಹದಿನೇಳು ವರ್ಷ ಮೆತ್ತಗೇ ಇದ್ದೆನಲ್ಲ, ಅದಕ್ಕೇ ಟೇಪು ಹಿಡಿಯೋ ಧೈರ್ಯ ಬಂದಿದ್ದು.

ಅಂಗಡಿಯವನ ಕಡೆ ತಿರುಗಿದೆ. "ಡೆಸ್ಕ್‌ಟಾಪ್ ಕೊಡಪ್ಪ. ನಿನ್ನ ಹತ್ರ ಇರೋದ್ರಲ್ಲೇ ದೊಡ್ಡ ಪರದೆ. ದುಡ್ಡು ಕೊಡೋಳು ನಾನು, ನನ್ನ ಜೊತೆ ಮಾತಾಡು."

ಆಗ ಮೊದಲ ಸಲ ಅವನು ನನ್ನ ಮುಖ ನೋಡಿದ.

ಅವನು ಡಬ್ಬಿಗಳನ್ನು ಕಟ್ಟುವಷ್ಟರಲ್ಲಿ ನಾನು ಚೀಟಿಯ ಪಾ ಹೊಡೆದುಹಾಕಿ ಫಾ ಮಾಡಿ, ಇವರ ಜೇಬಿಗೇ ವಾಪಸ್ ತುರುಕಿದೆ. ಪರದೆಯ ಡಬ್ಬಿ ಇವರೇ ಹೊತ್ತರು, ಏದುಸಿರು ಬಿಡುತ್ತಾ. ಮೆಟ್ಟಿಲಿಳಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟರು, "ಹಾಗಾದ್ರೆ ಬಂದೋರು ಎಲ್ಲಿ ಕೂತ್ಕೋಬೇಕು?"

"ಎಲ್ಲಿ ಬೇಕಾದ್ರೂ ಕೂತ್ಕೊಳ್ಳಲಿ. ಅಡುಗೆಮನೇಲಿ ಕೂತ್ರೆ ಹಾಲೂ ನೋಡ್ಕೋಬಹುದು."