ಸೊಸೆಜಡೆ ಎಂದು ಬರೆದವನು

ಚಾಮರಾಜನಗರದ ಸಂಶೋಧನಾ ಕೇಂದ್ರವೊಂದರಲ್ಲಿ ನಾಗಲಕ್ಷ್ಮಿ ಕಂಪ್ಯೂಟರ್ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಕಾಡಿನ ಯಾವ ಮರ ಯಾವ ವಾರ ಚಿಗುರಿತು, ಯಾವಾಗ ಹೂ ಬಿಟ್ಟಿತು ಎಂದು ನಾಲ್ಕು ಸಂಸ್ಥೆಗಳವರು ಬರೆದಿಟ್ಟದ್ದನ್ನೆಲ್ಲ 2007ರಲ್ಲಿ ಒಂದೇ ಕಡೆ ಕೂಡಿಸತೊಡಗಿದ್ದರು. ಪ್ರತಿ ದಾಖಲೆಗೂ ಜಾಗ, ದಿನಾಂಕ, ಮರದ ಹೆಸರು, ನೋಡಿ ಬರೆದವರ ಗುರುತಿನ ಸಂಖ್ಯೆ ಎಂದು ಲೇಬಲ್ ಹಾಕುವುದು ಅವಳ ಪಾಲಿನ ಕೆಲಸ. ಲೇಬಲ್ ಸರಿಯಿದ್ದರೆ ಯಾರು ಏನು ಹುಡುಕಿದರೂ ಚಿಟಿಕೆ ಹೊಡೆಯುವಷ್ಟರಲ್ಲಿ ಸಿಗುತ್ತಿತ್ತು.

"ಮರದ ಹೆಸರುಗಳನ್ನ ಒಂದೊಂದು ಊರಿನವರು ಒಂದೊಂದು ಥರ ಬರೆದಿದ್ದಾರಮ್ಮ. ಎಲ್ಲಾ ಒಂದೇ ಮಾಡ್ಬಿಡಿ," ಎಂದಿದ್ದರು ಮೇಲಧಿಕಾರಿ ಶರತ್.

ಆ ಮಧ್ಯಾಹ್ನ ವಯನಾಡಿನಿಂದ ಬಂದ ಕಕ್ಕೆ ಮರದ ಸಾಲುಗಳನ್ನು ತಿದ್ದುತ್ತಿದ್ದಳು. ಒಂದು ಕಡೆ ಕಕ್ಕೆ ಎಂದಿರಬೇಕಾದಲ್ಲಿ 'ಸೊಸೆಜಡೆ' ಎಂದಿತ್ತು. ನಾಗಲಕ್ಷ್ಮಿಯ ಕೈ ನಿಂತೇ ಹೋಯಿತು.

ಅದು ಯಾವ ಊರಿನವರೂ ಕಕ್ಕೆಯನ್ನು ಕರೆಯುವ ಹೆಸರಲ್ಲ. ಹಂಗಳದ ತಮ್ಮ ಹೊಲದ ಬದುವಿನಲ್ಲಿ ಹಳದಿ ಗೊಂಚಲು ಇಳಿಬಿಟ್ಟು ನಿಂತ ಕಕ್ಕೆಗೆ ಅವ್ವ ಚಿಕ್ಕಮಲ್ಲಮ್ಮ ಇಟ್ಟ ಹೆಸರು. ಅಣ್ಣ ಮೃತ್ಯುಂಜಯನಿಗೆ ಹೆಣ್ಣು ತರುವ ಆಸೆ ಅವಳಿಗೆ. ಮೇಷ್ಟ್ರ ತರಬೇತಿ ಬಿಟ್ಟು ಕಾಡು ಅಲೆಯುತ್ತಾನೆಂದು ಅಪ್ಪ ನಾಲ್ಕು ಜನರೆದುರು ಹೊಡೆದ ದಿನವೇ ಅಣ್ಣ ಮನೆ ಬಿಟ್ಟಿದ್ದ. ಆರು ವರ್ಷವಾದರೂ ಒಂದು ಕಾಗದವಿರಲಿಲ್ಲ.

ಆ ಹೆಸರನ್ನೇ ಕೊಟ್ಟು ಹುಡುಕಿದಳು. ಹದಿನಾಲ್ಕು ದಾಖಲೆ ಬಂದವು. ಎಲ್ಲವನ್ನೂ ಬರೆದವರು ಹದಿನೇಳನೆಯ ಸಂಖ್ಯೆಯ ಒಬ್ಬರೇ. ಕೊನೆಯದು ಹೋದ ತಿಂಗಳಿನದು.

ಶರತ್ ವಿಷಯ ತಿಳಿದು ತಾವೇ ವಯನಾಡಿಗೆ ಫೋನ್ ಮಾಡಿ, ಹದಿನೇಳನೆಯವರು ಯಾರೆಂದು ವಿಚಾರಿಸಿ, ಅವರನ್ನೇ ಕರೆಸಿ, ರಿಸೀವರನ್ನು ಅವಳ ಕೈಗಿತ್ತು ಹೊರಗೆ ಹೋದರು.

"ಅಣ್ಣಾ, ನಾನು ಲಕ್ಷ್ಮಿ."

ಆ ಕಡೆಯಿಂದ ಅಣ್ಣನ ದನಿಯೇ ಬಂತು. "ಎಂಗಿದ್ದೀಯಮ್ಮಿ? ಅವ್ವ ಎಂಗವ್ಳೆ?"

ಚೆನ್ನಾಗವ್ಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಓಗ್ಬುಟ್ಲು ಕಣಣ್ಣ. ಎರಡು ವರ್ಸಾಯ್ತು. ಯಾವ ಬಸ್ಸು ನಿಂತ್ರೂ ಬಾಗ್ಲಿಗೆ ಬತ್ತಿದ್ಲು."

ಅವನು ಅಳುವುದು ಕೇಳಿಸಿತು. "ಅವ್ವ ಇಲ್ದಿದ್ ಮನೆಗೆ ಯಾವ ಮೊಕ ಒತ್ಕಂಡು ಬರ್ಲಿ?"

"ನೀನು ಬರ್ಬೇಡ ಬುಡು. ನಾನೇ ಬತ್ತೀನಿ."

ಭಾನುವಾರ ಗುಂಡ್ಲುಪೇಟೆಯಲ್ಲಿ ವಯನಾಡಿನ ಬತ್ತೇರಿಗೆ ಹೋಗುವ ಬಸ್ಸು ಹತ್ತಿದಳು. ಹಂಗಳದ ದಾರಿ ಪಕ್ಕಕ್ಕೆ ಉಳಿಯಿತು, ಬಂಡೀಪುರದ ಕಾಡು ಹಿಂದಾಯಿತು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡದ್ದೆಲ್ಲ ಇಳಿಯುವ ಹೊತ್ತಿಗೆ ಮರೆತುಹೋಗಿತ್ತು.

ಅವಳು ಹಿಂದಿನ ಬಾಗಿಲಿನಿಂದ ಇಳಿದಳು. ಅಲ್ಲೊಬ್ಬ ಮುಂದಿನ ಬಾಗಿಲನ್ನೇ ನೋಡುತ್ತ ನಿಂತಿದ್ದ. ಈ ವಯಸ್ಸಿಗೇ ಕೂದಲು ನೆರೆಯತೊಡಗಿತ್ತು, ಬೆನ್ನು ಥೇಟ್ ಅಪ್ಪನದೇ. ಹತ್ತಿರ ಹೋಗಿ ಅವನ ಅಂಗಿಯ ತೋಳು ಹಿಡಿದಳು.