ಬೋರಲು ಹಾಕಿದ ಘಮೇಲಿ

"ಈ ಬೆಡ್ಡಿಗೆ ದಿನಕ್ಕೆ ಮೂರು ಸಾವಿರ. ಆಪರೇಶನ್ ಖರ್ಚು ಬೇರೆ. ಇನ್ನು ನಿನ್ನ ಗಂಡ ಹೂಸು ಬಿಡ್ಲಿಕ್ಕೂ ನಾನೇ ದುಡ್ಡು ಕೊಡ್ಬೇಕಾ ಮಾರಾಯ್ತಿ?"

ಕಂತ್ರಾಟುದಾರ ಧರ್ಮಪಾಲ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಕೇಳಿದ. ಮಂಚದ ಮೇಲೆ ಸೈದಪ್ಪ ಮೊಣಕಾಲು ಮಡಚಿ ನರಳುತ್ತಿದ್ದ. ನಾವು ಊರು ಬಿಟ್ಟು ಬಂದು ದುಡಿಯುವ ರಬಾಳೆಯ ಸೈಟಿನಲ್ಲಿ ಕಬ್ಬಿಣದ ಪೈಪು ಬಿದ್ದು ಅವನ ಕರುಳು ಹರಿದಿತ್ತು. ಸರಕಾರಿ ದವಾಖಾನೆಗೆ ಹೋದರೆ ಪೊಲೀಸರು ಕೇಳುತ್ತಾರೆಂದು ಈ ಖಾಸಗಿ ಆಸ್ಪತ್ರೆಗೆ ತಂದವನು ಧರ್ಮಪಾಲನೇ. ಹರಿದ ಭಾಗ ಕತ್ತರಿಸಿ, ಎರಡು ತುದಿ ಸೇರಿಸಿ ಹೊಲಿದು ಇನ್ನೂ ವಾರವಾಗಿರಲಿಲ್ಲ. ನಿನ್ನೆಯಿಂದ ಚಳಿಜ್ವರ. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಪಕ್ಕೆಗೆ ಹಾಕಿದ್ದ ನಳಿಗೆಯಲ್ಲಿ ಹಸಿರುಗಪ್ಪು ನೀರು ಬಂದು ನಾರುತ್ತಿತ್ತು.

"ಗ್ಯಾಸ್ ಅಲ್ಲ," ಎಂದಳು ಡ್ಯೂಟಿ ಡಾಕ್ಟರ್ ಸುಮೇಧಾ. ಖಾರಘರದಲ್ಲೇ ಬೆಳೆದ ಹುಡುಗಿ, ನಮಗಾಗಿ ಕನ್ನಡ ಹುಡುಕಿ ಆಡುತ್ತಿದ್ದಳು. "ಒಳಗಿನ ಹೊಲಿಗೆ ಲೀಕ್ ಆಗ್ತಿದೆ, ಮುಝೆ ಪಕ್ಕಾ ಡೌಟ್ ಹೈ. ಬಾಯಿಗೆ ಏನೂ ಕೊಡಬೇಡಿ. ಇಂಜೆಕ್ಷನ್ ಶುರು ಮಾಡಿದೀನಿ. ಅಭಿ ಸ್ಕ್ಯಾನ್ ಆಗ್ಬೇಕು. ಲೀಕ್ ಇದ್ರೆ ಮತ್ತೆ ಹೊಟ್ಟೆ ತೆರೆದು ತೊಳೀಬೇಕು. ಲೇಟ್ ಆದ್ರೆ ವಿಷ ಮೈಯೆಲ್ಲಾ ಏರುತ್ತೆ. ಆದ್ರೆ ಪೈಸೆ ಕಟ್ಟದೆ ಆಫೀಸ್‌ನವರು ಸ್ಕ್ಯಾನ್‌ಗೆ ಬಿಡಲ್ಲ."

"ನಾನು ಇನ್ನು ಒಂದು ಪೈಸೆ ಬಿಚ್ಚುದಿಲ್ಲ. ಇವನನ್ನು ಊರಿಗೆ ಕಳಿಸ್ಲಿಕ್ಕೆ ಗಾಡಿ ಹೇಳಿದ್ದೇನೆ. ಈ ದರಿದ್ರದವಳೇ ಕದ್ದು ರೊಟ್ಟಿ ತಿನ್ನಿಸಿರ್ಬೇಕು."

ಸೈದಪ್ಪನ ಹೆಂಡತಿ ಭೀಮಮ್ಮ ತಲೆಯೆತ್ತಿದಳು. "ರೊಟ್ಟಿ ನಾ ತಿನ್ಸಿಲ್ರಿ. ಪೈಪ ನೀವ್ ತಿನ್ಸೀರಿ."

ಗಂಡನನ್ನು ಯಾವ ಗಾಡಿಗೂ ಹತ್ತಿಸಬೇಡಿರೆಂದು ಡಾಕ್ಟರಿಗೆ ಕೈಮುಗಿದು, ಅವಳ ಜೊತೆ ಕೂಲಿ ಮಾಡುವ ನನ್ನ ರಟ್ಟೆ ಹಿಡಿದು ಸೈಟಿಗೆ ನಡೆದಳು.

ಅಂದು ಸ್ಲ್ಯಾಬ್ ಹಾಕುವ ದಿನ. ಗಲ್ಲಿ ಇಕ್ಕಟ್ಟು, ಪಂಪು ಬರುವುದಿಲ್ಲ. ಕಾಂಕ್ರೀಟನ್ನು ನಾವೇ ಕಬ್ಬಿಣದ ಬುಟ್ಟಿಯಲ್ಲಿ, ಘಮೇಲಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಏರಿಸಬೇಕು. ಕಾಂಕ್ರೀಟಿನ ಲಾರಿ ಬಂದು ನಿಂತಿತ್ತು, ಅದರ ಡ್ರಮ್ಮು ತಿರುಗುತ್ತಿತ್ತು.

ಕೆಲಸದಲ್ಲಿ ಯಾರಾದರೂ ಸತ್ತರೆ ನಮ್ಮವರು ಘಮೇಲಿ ಬೋರಲು ಹಾಕಿ ಅದರ ಮೇಲೆ ಕೂರುತ್ತಾರೆ. ಹೆಣ ಏಳುವವರೆಗೆ ಯಾರೂ ಕೆಲಸ ಮುಟ್ಟುವುದಿಲ್ಲ. ಭೀಮಮ್ಮ ಗಂಡನ ಘಮೇಲಿ ತಂದು ಲಾರಿಯ ಹಿಂದೆ ಬೋರಲು ಹಾಕಿ ಕುಳಿತಳು.

ನಾನು ಅವಳ ತೋಳು ಜಗ್ಗಿದೆ. "ಏ ಭೀಮವ್ವಾ, ಜೀವ ಐತಿ ಅವಂಗ! ಅಪಶಕುನ ಮಾಡಬ್ಯಾಡ!"

"ಸತ್ತಮ್ಯಾಲ ಹಾಕಿ ಯಾರಿಗ್ ತೋರಸ್ಲೇ ಮಲ್ಲಿಕಾ? ಜೀವ ಐತಂತಲೇ ಹಾಕೀನಿ."

ನಾನೂ ಹಾಕಿದೆ, ನಮ್ಮ ಉಳಿದ ಕೂಲಿಯವರೂ ಹಾಕಿದರು. ಹನ್ನೊಂದು ಘಮೇಲಿ ಬೋರಲಾದವು.

ಸುದ್ದಿ ತಿಳಿದು ಧರ್ಮಪಾಲ ಆಸ್ಪತ್ರೆಯಿಂದ ಓಡಿ ಬಂದ. "ಏಳಿ ಬೇವರ್ಸಿಗಳಾ! ಯಾರು ಸತ್ತದ್ದು ಇಲ್ಲಿ?"

"ನೀವ್ ಹೇಳ್ರಿ, ಯಾರ್ ಸಾಯ್ಬೇಕು?" ಎಂದಳು ಭೀಮಮ್ಮ.

ಲಾರಿ ಡ್ರೈವರ್ ಬಾಗಿಲು ಬಡಿದ. "ಅರೇ ಸೇಠ್, ಧೂಪ್ ದೇಖೋ! ಮಾಲ್ ಬೈಠ್ ಜಾಯೇಗಾ!"

ಡ್ರಮ್ಮಿನಲ್ಲೇ ಕಾಂಕ್ರೀಟು ಗಟ್ಟಿಯಾಗಿಸುವ ಆ ಬಿಸಿಲು ನಮ್ಮ ನೆತ್ತಿಯನ್ನೂ ಸುಡುತ್ತಿತ್ತು. ಯಾರೂ ಏಳಲಿಲ್ಲ. ಧರ್ಮಪಾಲ ಲಾರಿ ನೋಡಿದ, ನಮ್ಮನ್ನು ನೋಡಿದ, ನಮ್ಮ ತಾಯಂದಿರನ್ನೆಲ್ಲ ಬೈದ. ಆಮೇಲೆ ಫೋನಿನಲ್ಲೇ ಆಸ್ಪತ್ರೆಗೆ ಹಣ ಕಳಿಸಿದ.

"ಡಾಕ್ಟರಿಗೆ ಫೋನ್ ಹಚ್ರಿ, ಸ್ಪೀಕರ್ ಹಾಕ್ರಿ," ಎಂದಳು ಭೀಮಮ್ಮ. "ಡಾಕ್ಟರವ್ವನ ಬಾಯಿಂದ ಕೇಳ್ತೀನಿ."

"ಸ್ಕ್ಯಾನ್‌ಗೆ ಒಳಗೆ ತಗೊಂಡಿದೀವಿ," ಎಂದಿತು ಸುಮೇಧಾಳ ದನಿ.

ಆಗ ಎದ್ದೆವು.

ಸ್ಕ್ಯಾನಿಗೆಂದು ಕೊಟ್ಟ ಔಷಧ ಕರುಳಿನ ಹೊರಗೆ ಚೆಲ್ಲಿದ್ದು ಕಂಡಿತು. ಸಂಜೆಯೊಳಗೆ ಹೊಟ್ಟೆ ತೆರೆದು ತೊಳೆದು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಮಲ ಹೋಗಲು ಚೀಲ ಅಂಟಿಸಿದರು. ಸೈದಪ್ಪ ಇನ್ನು ಭಾರ ಎತ್ತುವಂತಿಲ್ಲ. ಸ್ಲ್ಯಾಬ್ ಮುಗಿದ ಮರುದಿನವೇ ಧರ್ಮಪಾಲ ನಮ್ಮೆಲ್ಲರನ್ನೂ ತೆಗೆದುಹಾಕಿ, ನಮ್ಮನ್ನು ಕೆಲಸಕ್ಕೆ ಸೇರಿಸಬೇಡಿರೆಂದು ರಬಾಳೆಯ ಬೇರೆ ಕಂತ್ರಾಟುದಾರರಿಗೂ ಹೇಳಿಟ್ಟ. ಈಗ ದೂರದ ಬದಲಾಪುರದ ನಾಕಾದಲ್ಲಿ, ಕೂಡುರಸ್ತೆಯ ಬದಿ ನಿಂತು ಕೂಲಿಗೆ ಕಾಯುತ್ತೇವೆ.

ಹನ್ನೊಂದು ಮಂದಿಯ ಕೆಲಸ ಹೋಯಿತು. ಸೈದಪ್ಪ ಬದುಕಿದ್ದಾನೆ.