ತಳಕ್ಕಿಳಿದ ನಾಣ್ಯ

ಇಳಿಹೊತ್ತಿನ ಅಸರ್ ನಮಾಜು ಮುಗಿಯುವ ಹೊತ್ತಿಗೆ ಡಾಕ್ಟರ್ ವಗ್ದಿಯವರ ಮಕ್ಕಳ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶನಿವಾರ ಎಂದರೆ ಹಾಗೆಯೇ. ಶುಕ್ರವಾರ ರಜೆ ಸಿಕ್ಕಿದ್ದೇ ತಡ, ಈಜಿಪ್ಟಿನ ಈ ಮನ್ಸೂರಾ ಊರಿನ ಮಕ್ಕಳೆಲ್ಲ ಮಾತಾಡಿಕೊಂಡು ಕೆಮ್ಮು ಹತ್ತಿಸಿಕೊಳ್ಳುತ್ತವೆ ಎಂದು ಅಫ್ಕಾರ್ ನಗುತ್ತಿದ್ದಳು. ಬಾಗಿಲ ಬಳಿಯ ಆ ಮೇಜಿನ ಹಿಂದೆ ಅವಳು ಕೂತು ಹತ್ತೊಂಬತ್ತು ವರ್ಷವಾಗಿತ್ತು. ಚೀಟಿ ಕೊಡುವುದು, ಲಸಿಕೆ ಹಾಕುವುದು, ಅಳುವ ಮಗುವನ್ನೂ ಅಳುವ ತಾಯಿಯನ್ನೂ ಸುಮ್ಮನಾಗಿಸುವುದು ಎಲ್ಲ ಅವಳದೇ.

"ಅಬ್ಲಾ ಅಫ್ಕಾರ್, ನಮ್ದು ಯಾವಾಗ?" ಎಂದಳು ಒಬ್ಬ ತಾಯಿ. ಅಲ್ಲಿಗೆ ಬರುವವರಿಗೆಲ್ಲ ಅಫ್ಕಾರ್ ಅಬ್ಲಾ, ಅಂದರೆ ಅಕ್ಕ.

"ನಿನ್ ಮುಂದೆ ನಾಲ್ಕು ಜನ ಇದಾರೆ ಕಣಮ್ಮ. ಅಷ್ಟ್ರಲ್ಲಿ ಮಗೂಗೆ ಹಾಲು ಕುಡ್ಸು. ಹಸಿದಿದ್ರೆ ಹೋದ್ಸಲದ ಹಾಗೆ ಡಾಕ್ಟ್ರ ಬೆರಳು ಕಚ್ಚುತ್ತೆ."

ಅಷ್ಟರಲ್ಲಿ ಕುರ್ಚಿಯ ಮೇಲೆ ಕುಣಿಯುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ದೊಪ್ಪನೆ ಬಿದ್ದಳು. ಹಣೆ ನಿಂಬೆಹಣ್ಣಿನಷ್ಟು ಊದಿತು. ಐಸ್ ತರಲು ಅಫ್ಕಾರ್ ಲಸಿಕೆಯ ಕೋಣೆಗೆ ಓಡಿ, ಫ್ರಿಜ್ಜಿನೊಳಗಿನ ಐಸಿನ ಗೂಡನ್ನು ತೆರೆದಳು. ತೆರೆದವಳು ಹಾಗೆಯೇ ನಿಂತುಬಿಟ್ಟಳು.

ಅಲ್ಲಿ ಒಂದು ಗಾಜಿನ ಲೋಟವಿತ್ತು. ಅದರ ತುಂಬ ಮಂಜುಗಡ್ಡೆ. ಮಂಜುಗಡ್ಡೆಯ ಮೇಲೆ ಒಂದು ಪೌಂಡಿನ ನಾಣ್ಯ ಇರಬೇಕಿತ್ತು. ಪದೇಪದೇ ಕರೆಂಟು ಹೋಗುತ್ತಿದ್ದ ಒಂದು ಬೇಸಗೆಯಲ್ಲಿ ಅದನ್ನು ಇಟ್ಟವಳು ಅವಳೇ. ಅವಳ ಅಣ್ಣ ಮಾರುಕಟ್ಟೆಯಲ್ಲಿ ಐಸಿನ ಮೀನು ಮಾರುವವನು. ನಾಣ್ಯ ತಳಕ್ಕೆ ಹೋಗಿದ್ದರೆ ಐಸು ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಆ ಮೀನು ಕೊಳ್ಳಬೇಡ ಎಂದು ಅವನೇ ಹೇಳಿಕೊಟ್ಟಿದ್ದ. ಡಾಕ್ಟರು ಆ ಲೋಟ ನೋಡಿ ನಕ್ಕಿದ್ದರು. "ಥರ್ಮಾಮೀಟರ್ ಇರೋವಾಗ ಇದ್ಯಾಕೆ, ಇದೇನು ಮೀನಂಗಡೀನಾ?" ಎಂದಿದ್ದರು.

ಈಗ ನಾಣ್ಯ ಲೋಟದ ತಳದಲ್ಲಿತ್ತು.

ಫ್ರಿಜ್ಜು ನಡುವೆ ಯಾವಾಗಲೋ ನಿಂತು, ಲಸಿಕೆಯೂ ಕೆಟ್ಟಿರಬಹುದು. ಆದರೆ ಈಗ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಥರ್ಮಾಮೀಟರು ಲಸಿಕೆಗೆ ಬೇಕಾದ ಐದು ಡಿಗ್ರಿಯನ್ನೇ ತೋರಿಸುತ್ತಿತ್ತು. ಮಧ್ಯಾಹ್ನ ಬಂದೊಡನೆ ಅದನ್ನೇ ನೋಡಿ ಪುಸ್ತಕದಲ್ಲಿ ಬರೆದಿದ್ದಳು, ಅದನ್ನೇ ನಂಬಿ ಆಗಲೇ ಮೂರು ಹಸುಗೂಸುಗಳಿಗೆ ಸೂಜಿ ಚುಚ್ಚಿಯೂ ಆಗಿತ್ತು. ಹುಡುಗಿಯ ಹಣೆಗೆ ಐಸ್ ಚೀಲ ಒತ್ತಿ, ಡಾಕ್ಟರಿಗೆ ತೋರಿಸಿ ಬಂದವಳು ನೇರವಾಗಿ ಹಿಂದಿನ ಚಹದ ಗೂಡಿಗೆ ಹೋದಳು. ಕಸ ಗುಡಿಸಿ ಒರೆಸುವ ಉಮ್ ಸಾಬಿರ್ ಅಲ್ಲಿ ಲೋಟ ತೊಳೆಯುತ್ತಿದ್ದಳು.

"ಬೆಳಿಗ್ಗೆ ಬಂದಾಗ ಫ್ರಿಜ್ಜು ಓಡ್ತಿತ್ತಾ?"

ಉಮ್ ಸಾಬಿರ್ ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ.

"ನಿನ್ನೇ ಕೇಳ್ತಿರೋದು."

"ಪ್ಲಗ್ಗು ಕಿತ್ತಿತ್ತು ಅಬ್ಲಾ. ಆ ಜಾಗದಲ್ಲಿ ಡಾಕ್ಟ್ರ ಫೋನಿನ ಚಾರ್ಜರ್ ಇತ್ತು. ಗುರುವಾರ ಹೋಗೋವಾಗ ಸಿಕ್ಕಿಸಿ ಮರೆತಿರ್ಬೇಕು. ಅದನ್ನ ತೆಗೆದು ಅವ್ರ ಮೇಜಿನ ಮೇಲಿಟ್ಟೆ, ಫ್ರಿಜ್ಜಿಂದು ಸಿಕ್ಕಿಸ್ದೆ."

"ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ಡಾಕ್ಟ್ರೇ ತಪ್ಪು ಮಾಡಿದ್ರು ಅಂತ್ಲಾ? ನಜ್ವಾ ತನ್ನ ತಪ್ಪು ತಾನೇ ಹೇಳ್ಕೊಂಡು ಏನಾದ್ಲು, ಮರೆತ್ರಾ?"

ಅಫ್ಕಾರ್ ಮರೆತಿರಲಿಲ್ಲ. ಹಿಂದಿನ ರಮದಾನಿನಲ್ಲಿ ನಜ್ವಾ ಎಂಬ ನರ್ಸು ಒಂದು ಮಗುವಿನ ಕಾರ್ಡಿನಲ್ಲಿ ತಾರೀಖು ತಪ್ಪು ಬರೆದು, ತಾನಾಗಿಯೇ ಬಂದು ಒಪ್ಪಿಕೊಂಡಿದ್ದಳು. ಡಾಕ್ಟರು ಅವಳನ್ನು ಇಪ್ಪತ್ತು ತಾಯಂದಿರ ಎದುರು ಬೈದು ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಅಂದಿನಿಂದ ಕ್ಲಿನಿಕ್ಕಿನಲ್ಲಿ ತಪ್ಪುಗಳೇ ಇರಲಿಲ್ಲ. ಇದ್ದರೂ ಯಾರ ಬಾಯಿಂದಲೂ ಹೊರಡುತ್ತಿರಲಿಲ್ಲ.

ಅಫ್ಕಾರ್ ಕೂಡ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆ ನಾಣ್ಯದ ಭಾಷೆ ಬಲ್ಲವಳು ಅವಳೊಬ್ಬಳೇ. ಆದರೆ ಆ ಮೂರು ಕೂಸುಗಳಲ್ಲಿ ಒಂದರ ಎಳೆ ತಾಯಿ, ದೂರದ ಬೆಲ್ಖಾಸ್ ಊರಿನಿಂದ ಎರಡು ವ್ಯಾನು ಬದಲಿಸಿ ಬಂದವಳು, ಸೂಜಿ ಚುಚ್ಚಿದ ಮೇಲೆ "ಅಬ್ಬಾ, ಇನ್ನು ನಿಶ್ಚಿಂತೆ" ಎಂದು ಹೇಳಿ ಹೋಗಿದ್ದಳು. ಆ ಮಾತು ಅಫ್ಕಾರಳನ್ನು ಚುಚ್ಚುತ್ತಿತ್ತು. ಲೋಟವನ್ನು ಕೈಯಲ್ಲಿ ಹಿಡಿದು ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೈ ತಣ್ಣಗಾಗಿ ಮರಗಟ್ಟಿತ್ತು. ಹೆದರಿಕೆಯೂ ಆಗಿತ್ತು, ಸುಳ್ಳು ಯಾಕೆ.

ಪ್ಲಗ್ಗು ಕಿತ್ತಿತ್ತು, ಲಸಿಕೆ ಕೆಟ್ಟಿರಬಹುದು ಎಂಬಷ್ಟನ್ನು ಕೇಳಿದ ಮೇಲೆ ಡಾಕ್ಟರ್ ವಗ್ದಿಯವರ ಮೊದಲ ಮಾತು ಒಂದೇ: "ಯಾರು?"

"ಫ್ರಿಜ್ಜು ಗುರುವಾರ ರಾತ್ರಿಯಿಂದ ಆಫ್ ಆಗಿತ್ತು ಡಾಕ್ಟ್ರೇ. ಲೋಟ ನೋಡ್ದೇನೆ ಸೂಜಿ ಹಾಕ್ದವ್ಳು ನಾನು. ಅದು ನನ್ ತಪ್ಪು. ಮೊದ್ಲು ಆ ಮೂರು ಮನೆಗೆ ಫೋನ್ ಮಾಡೋಣ."

"ಪ್ಲಗ್ ಕಿತ್ತಿದ್ದು ಯಾರು ಅಂತ ಕೇಳ್ತಿದೀನಿ. ಉಮ್ ಸಾಬಿರ್ ತಾನೆ? ಇವತ್ತೇ ಕಳಿಸ್ತೀನಿ ಅವ್ಳನ್ನ. ತಾಯಂದಿರಿಗೆ ಏನು ಹೇಳೋದು? ಈ ಊರಲ್ಲಿ ಎಷ್ಟು ಮಕ್ಕಳ ಡಾಕ್ಟ್ರು ಇದಾರೆ ಗೊತ್ತಾ? ಇದೇ ಕಟ್ಟಡದಲ್ಲಿ ಮೂರು ಬೋರ್ಡಿದೆ. ವಗ್ದಿ ಕೆಟ್ಟ ಲಸಿಕೆ ಹಾಕ್ತಾನೆ ಅಂತ ಒಬ್ಬಳು ಅಂದ್ರೆ ಸಾಕು, ನಾಳೆ ಈ ಕುರ್ಚಿಗಳೆಲ್ಲ ಖಾಲಿ. ನಿನ್ ಸಂಬಳವೂ ಇಲ್ಲ, ಅವ್ಳದ್ದೂ ಇಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಫ್ಕಾರ್‌ಗೂ ಅದು ಗೊತ್ತು.

"ಬೋರ್ಡಿನ ಮೇಲೆ ನಿಮ್ ಹೆಸರಿದೆ ಡಾಕ್ಟ್ರೇ. ಆದ್ರೆ ಬಾಗಿಲಲ್ಲಿ ಅವ್ರು ನೋಡೋದು ನನ್ ಮುಖ. ನಾಳೆ ಆ ತಾಯಿ ಬಂದು ಸಲಾಂ ಅಂದ್ರೆ ಈ ಮುಖ ಎಲ್ಲಿಡ್ಲಿ? 'ಯಾರು' ಅಂತ ನೀವು ಕೇಳಿ ಕೇಳಿನೇ ಇಲ್ಲಿ ಎಲ್ರೂ ಮೂಕರಾಗಿದಾರೆ. 'ಹೇಗಾಯ್ತು' ಅಂತ ಕೇಳಿದ್ರೆ ಹೇಳ್ತೀನಿ."

ಡಾಕ್ಟರು ದುರುಗುಟ್ಟಿ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಅವಳು ಅವರೆದುರು ಇಷ್ಟುದ್ದ ಮಾತಾಡಿರಲಿಲ್ಲ. ಕೊನೆಗೆ ರೇಗುತ್ತಲೇ, "ಸರಿ, ಹೇಗಾಯ್ತು ಹೇಳು" ಎಂದರು.

"ನಿಮ್ ಕೋಣೆಯ ಸಾಕೆಟ್ಟು ಚಳಿಗಾಲದಲ್ಲೇ ಸುಟ್ಟುಹೋಯ್ತು. ಎಲೆಕ್ಟ್ರಿಷಿಯನ್ನ ಕರೆಸ್ಲಾ ಅಂತ ಎರಡ್ಸಲ ಕೇಳ್ದೆ. ನಾನು ಹೇಳೋವರೆಗೂ ಒಂದು ಮೊಳೆ ಹೊಡೀಬೇಡಿ ಅಂದ್ರಿ. ಅದಕ್ಕೇ ಈ ಕೋಣೇಲಿ ಫೋನ್ ಚಾರ್ಜ್ ಆಗಲ್ಲ. ಚಾರ್ಜ್ ಮಾಡ್ಬೇಕಾದ್ರೆ ಲಸಿಕೆ ಕೋಣೆಗೆ ಹೋಗ್ಬೇಕು. ಅಲ್ಲಿರೋದು ಒಂದೇ ಸಾಕೆಟ್ಟು."

ಅವಳು ಅಷ್ಟಕ್ಕೇ ನಿಲ್ಲಿಸಿದಳು. ಡಾಕ್ಟರ ಕಣ್ಣು ಮೇಜಿನ ಮೂಲೆಗೆ ಹೋಯಿತು. ಅಲ್ಲಿ ಅವರ ಚಾರ್ಜರು, ತಂತಿಯನ್ನು ನೀಟಾಗಿ ಸುತ್ತಿ ಇಟ್ಟಿತ್ತು. ಅವರು ಎಂದೂ ತಂತಿ ಸುತ್ತಿಡುವವರಲ್ಲ. ಗುರುವಾರ ಹೊರಡುವ ಮುನ್ನ ಫೋನು ಸತ್ತಿದ್ದು, ಹತ್ತು ನಿಮಿಷವೆಂದು ಸಿಕ್ಕಿಸಿದ್ದು, ಆಮೇಲೆ ಮಗಳು ಕೆಳಗಿನಿಂದ ಹಾರ್ನ್ ಮಾಡಿದಾಗ ಬರೀ ಫೋನನ್ನು ಎಳೆದುಕೊಂಡು ಓಡಿದ್ದು, ಎಲ್ಲ ಒಂದೊಂದಾಗಿ ಅವರಿಗೆ ನೆನಪಾದದ್ದು ಮುಖದಲ್ಲೇ ಕಾಣುತ್ತಿತ್ತು. ಮುಖ ಕಪ್ಪಿಟ್ಟಿತು.

"ಉಮ್ ಸಾಬಿರ್‌ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ಲ."

"ಹೇಳೋ ಹಾಗೆ ನಾವು ಇಟ್ಕೊಂಡಿದೀವಾ ಡಾಕ್ಟ್ರೇ?"

ಅವಳು 'ನೀವು' ಎನ್ನದೆ 'ನಾವು' ಎಂದದ್ದನ್ನು ಅವರು ಗಮನಿಸಿದರು. ಲೋಟವನ್ನು ಎಳೆದುಕೊಂಡು ತಳದ ನಾಣ್ಯವನ್ನು ನೋಡಿದರು. ಆಮೇಲೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಬಂದರು. ಲಸಿಕೆಗೆಂದು ಕಾಯುತ್ತಿದ್ದ ತಾಯಂದಿರ ಎದುರು ನಿಂತರು.

"ಇವತ್ತು ಲಸಿಕೆ ಇಲ್ಲ. ಫ್ರಿಜ್ಜಿನ ಪ್ಲಗ್ಗು ಕಿತ್ತವನು ನಾನು, ಸಿಕ್ಕಿಸೋಕೆ ಮರೆತವನೂ ನಾನು. ಒಳಗಿರೋದನ್ನೆಲ್ಲ ತೆಗೆದುಹಾಕಿ ಹೊಸದು ತರಿಸ್ತೀವಿ. ಇವತ್ತು ಹಾಕಿಸ್ಕೊಂಡ ಮಕ್ಕಳಿಗೆ ಕೇಡೇನೂ ಆಗಲ್ಲ, ಆದ್ರೆ ಆ ಲಸಿಕೆ ನಂಬೋಕಾಗಲ್ಲ. ಅವ್ರಿಗೆ ನಾನೇ ಮನೆಗೆ ಹೋಗಿ ಮತ್ತೆ ಹಾಕ್ತೀನಿ. ಇದನ್ನ ಕಂಡುಹಿಡಿದವ್ರು ಅಫ್ಕಾರ್."

ಚಹದ ಗೂಡಿನ ಬಾಗಿಲಲ್ಲಿ ಉಮ್ ಸಾಬಿರ್ ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಒಬ್ಬ ತಾಯಿ ಮುಖ ಸಿಂಡರಿಸಿ ಮಗುವನ್ನೆತ್ತಿಕೊಂಡು ಹೊರಟೇಹೋದಳು. ಉಳಿದವರು ಗುಸುಗುಸು ಮಾತಾಡಿದರು. ಕಿಟಕಿಯ ಬಳಿ ಕೂತಿದ್ದ ಒಬ್ಬ ಅಜ್ಜಿ ಮಾತ್ರ, "ನನ್ ಮೂವರು ಮೊಮ್ಮಕ್ಕಳನ್ನೂ ಇಲ್ಲಿಗೇ ತರ್ತೀನಿ. ತಪ್ಪಾಯ್ತು ಅಂತ ಹೇಳೋ ಡಾಕ್ಟ್ರನ್ನ ಇವತ್ತೇ ನೋಡಿದ್ದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಮರುದಿನ ಬೆಳಿಗ್ಗೆ ಡಾಕ್ಟರು ಬೆಲ್ಖಾಸಿಗೆ ಕಾರಿನಲ್ಲಿ ಹೊರಟಾಗ, ಹೊಸ ಲಸಿಕೆಯ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಫ್ಕಾರ್ ಪಕ್ಕದಲ್ಲಿ ಕೂತಿದ್ದಳು. ದಾರಿಯಲ್ಲಿ ಅವರು ಕೇಳಿದ್ದು ಒಂದೇ: "ನಜ್ವಾ ಈಗ ಎಲ್ಲಿದಾಳೆ?" ಅಫ್ಕಾರ್ ನಂಬರು ಕೊಟ್ಟಳು. ಅದೇ ವಾರ ಎಲೆಕ್ಟ್ರಿಷಿಯನ್ ಬಂದ, ಯಾರನ್ನೂ ಕೇಳದೆ ಅವಳೇ ಕರೆಸಿದ್ದಳು. ಮುಂದಿನ ತಿಂಗಳು ನಜ್ವಾ ಕೂಡ ಕೆಲಸಕ್ಕೆ ಮರಳಿ ಬಂದಳು, ಮೊದಲ ಎರಡು ದಿನ ಡಾಕ್ಟರ ಕಡೆ ನೋಡದೆ ಕೆಲಸ ಮಾಡಿದಳು.

ಥರ್ಮಾಮೀಟರಿನ ಪುಸ್ತಕದಲ್ಲಿ ಆ ಶನಿವಾರದ ಸಾಲಿನ ಮುಂದೆ ಡಾಕ್ಟರ ಅಕ್ಷರವಿತ್ತು: "ಪ್ಲಗ್ ಕಿತ್ತದ್ದು ನಾನು. ವಗ್ದಿ." ಅದರ ಕೆಳಗೆ ಅಫ್ಕಾರ್ ಬರೆದಿದ್ದಳು: "ಲೋಟ ನೋಡದೆ ಸೂಜಿ ಹಾಕಿದ್ದು ನಾನು. ಅಫ್ಕಾರ್."

ಒಂದು ಮಧ್ಯಾಹ್ನ ಅವಳು ಕ್ಲಿನಿಕ್ಕಿಗೆ ಬಂದಾಗ ಹಳೆಯ ಥರ್ಮಾಮೀಟರ್ ಜಾಗದಲ್ಲಿ ಇರಲಿಲ್ಲ. ಪುಸ್ತಕ ತೆರೆದು ಇಟ್ಟಿತ್ತು. ಆ ದಿನದ ಸಾಲಿನಲ್ಲಿ, ಮಸೀದಿಯ ಸಂಜೆ ತರಗತಿಯಲ್ಲಿ ಅಕ್ಷರ ಕಲಿಯುತ್ತಿದ್ದವಳ ದಪ್ಪ ಸೊಟ್ಟ ಬರಹ: "ಒರೆಸುವಾಗ ಒಡೆದದ್ದು ನಾನು. ಉಮ್ ಸಾಬಿರ್."

ಹಿಂದಿನ ಗೂಡಿನಲ್ಲಿ ಉಮ್ ಸಾಬಿರ್ ಲೋಟ ತೊಳೆಯುತ್ತ ಏನೋ ಗುನುಗುತ್ತಿದ್ದಳು. ಅಫ್ಕಾರಳ ಕಣ್ಣು ತುಂಬಿ ಬಂತು, ಎದೆಯೂ ಉಬ್ಬಿತು. ಕಪಾಟಿನಿಂದ ಹೊಸ ಥರ್ಮಾಮೀಟರ್ ತೆಗೆದು ಫ್ರಿಜ್ಜಿನಲ್ಲಿಟ್ಟಳು. ಲೋಟ ತೆಗೆದು ನೋಡಿದಳು. ನಾಣ್ಯ ಮೇಲೆಯೇ ಇತ್ತು. ಮೇಜಿಗೆ ಬಂದು ಕೂತು, ಮೊದಲ ಮಗುವಿನ ಹೆಸರು ಕರೆದಳು.